ಮೀಠಾಕುವಾದ ರಾಟೆ

ಕಂದೀಲು ಸ್ವಲ್ಪ ಸಣ್ಣ ಮಾಡ್ರಿ... ಸಾಕು, ಸಾಕು. ಪೂರಾ ಆರಿಸಬ್ಯಾಡ್ರಿ.

ಇದು ಎಲ್ಲೋ ಯಾರೋ ಅಂದದ್ದಲ್ಲ. ನನ್ನ ಸೋದರತ್ತೆಯ ಮಗ ಹಯವದನನಿಗೆ ಆದದ್ದು. ಬಾಗಲಕೋಟೆಯವನು, ಭೂಮಿ ಅಳೆಯುವ ಮೋಜಣಿದಾರ. ಅಳತೆಯಲ್ಲಿ ಒಂದು ಗೇಣು ತಪ್ಪಿದರೂ ಅವನಿಗೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕಣ್ಣಿಗೆ ಕಂಡದ್ದು, ಟೇಪಿಗೆ ಸಿಕ್ಕಿದ್ದು, ಅಷ್ಟನ್ನೇ ನಂಬುವ ಮನುಷ್ಯ. ಅಂಥವನು ನನಗೆ ಎದುರು ಕೂತು ಹೇಳಿದ್ದು ಇದು.

ಅರವತ್ತನಾಲ್ಕನೇ ಇಸವಿಯ ಡಿಸೆಂಬರು. ಸೂರತ್ತಿನ ಹೊರಗಿನ ಉಧ್ನಾ.

ಆವತ್ತು ಹಯವದನ ಆಫೀಸಿನಿಂದ ಹೊರಟಾಗ ರಾತ್ರಿ ಹತ್ತು ದಾಟಿತ್ತು. ಕೈಗಾರಿಕಾ ವಸಾಹತಿನ ಎರಡನೇ ಹಂತದ ನಕಾಶೆ ಮರುದಿನ ಬೆಳಿಗ್ಗೆಯೇ ಬೇಕಾಗಿತ್ತು. ಬರೆದು ಮುಗಿಸಿಯೇ ಎದ್ದ. ಮನೆ ಸ್ಟೇಷನ್ನಿನ ಆಚೆ. ಒಂದೂವರೆ ಮೈಲು ನಡಿಗೆ. ಎಡಕ್ಕೆ ಬಲಕ್ಕೆ ಮಗ್ಗದ ಶೆಡ್ಡುಗಳು. ಒಂಬತ್ತಕ್ಕೆ ಪಾಳಿ ಮುಗಿದು ಎಲ್ಲ ಮಗ್ಗಗಳೂ ನಿಂತಿದ್ದವು. ದಿನವಿಡೀ ಖಟ್-ಪಟ್ ಖಟ್-ಪಟ್ ಅನ್ನುವ ಜಾಗ ಒಮ್ಮೆಲೇ ಸುಮ್ಮನಾದರೆ ಹೇಗಿರುತ್ತದೆ ಅಂದರೆ... ಕಿವಿಯೊಳಗೆ ಹತ್ತಿ ತುರುಕಿದ ಹಾಗೆ. ದೂರದಲ್ಲಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಡಬ್ಬಿ ಜೋಡಿಸುವ ಸದ್ದು ಮಾತ್ರ. ಧಡ್... ಧಡ್... ಆಮೇಲೆ ಅದೂ ಇಲ್ಲ.

ನಾಲ್ಕನೇ ರಸ್ತೆಯ ತುದಿಗೆ ಒಂದು ಆಲದ ಮರ. ಅದರ ಹತ್ತಿರ ಬಂದ.

ಕಿರ್ರ್... ಕಿರ್ರ್...

ಮರದ ರಾಟೆ. ಎಣ್ಣೆ ಕಾಣದ ರಾಟೆ. ಹಗ್ಗ ಸಡಿಲ ಬಿಟ್ಟು ಕೊಡ ಇಳಿಸುವಾಗ ಬರುವ ಸಪ್ಪಳ. ಬಾಗಲಕೋಟೆಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಠಣ್. ಕೊಡ ಗೋಡೆಯ ಕಲ್ಲಿಗೆ ತಗುಲಿತು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಆಳದಿಂದ... ಬುಳಕ್.

ಮತ್ತೆ ರಾಟೆ. ಈಗ ನಿಧಾನ, ಭಾರವಾಗಿ. ಕಿರ್... ಕಿರ್... ಕಿರ್...

‘ಈ ಹೊತ್ತಿನಲ್ಲಿ ಯಾರು ನೀರು ಸೇದುತ್ತಿದ್ದಾರೆ ಪಾಪ’ ಅಂದುಕೊಂಡೇ ಹಯವದನ ನಾಲ್ಕು ಹೆಜ್ಜೆ ಮುಂದೆ ಹೋದ. ಐದನೇ ಹೆಜ್ಜೆಗೆ ಅವನ ಕಾಲು ನಿಂತಿತು. ಯಾಕಂದರೆ ಅಲ್ಲಿ ಬಾವಿ ಇರಲಿಲ್ಲ. ಒಂದು ಕಾಲಕ್ಕೆ ಇತ್ತು. ಅದನ್ನು ನಕಾಶೆಯಿಂದ ಅಳಿಸಿದವನು ಅವನೇ.

ಅದನ್ನು ಹೇಳದೆ ಮುಂದೆ ಹೋದರೆ ನಿಮಗೆ ತಿಳಿಯುವುದಿಲ್ಲ. ಕೇಳ್ರಿ.

ಹಯವದನ ನೌಕರಿಗೆ ಸೇರಿದಾಗ ಬಾಗಲಕೋಟೆಯೂ ಸೂರತ್ತೂ ಒಂದೇ ಮುಂಬೈ ರಾಜ್ಯದಲ್ಲಿದ್ದವು. ರಾಜ್ಯಗಳು ಒಡೆದವು, ಇವನು ಅಲ್ಲೇ ಉಳಿದ. ಅರವತ್ತೊಂದರಲ್ಲಿ ಸರ್ಕಾರಿ ಕೆಲಸ ಬಿಟ್ಟು ಒಂದು ಹೊಸ ಕೈಗಾರಿಕಾ ವಸಾಹತಿನ ಸಂಘಕ್ಕೆ ಸೇರಿದ. ಅವರು ಕೊಂಡ ಭೂಮಿಯನ್ನೆಲ್ಲ ಅಳೆದು ಕೊಡುವ ಕೆಲಸ. ನಮ್ಮ ಕಡೆಯದೇ ಎರೆ ನೆಲ. ಹತ್ತಿ, ಜೋಳ. ಆದರೆ ಒಂದು ಕಡೆಗೆ ಖಾಡಿ, ಅಂದರೆ ಸಮುದ್ರದ ಉಬ್ಬರ ಒಳನುಗ್ಗುವ ಹಳ್ಳ. ಅದರಿಂದ ಸುತ್ತಮುತ್ತ ಎಲ್ಲಿ ತೋಡಿದರೂ ಉಪ್ಪು ನೀರು. ಒಂದೇ ಒಂದು ಬಾವಿ ಮಾತ್ರ ಸಿಹಿ. ಆ ಬಾವಿಯ ಸುತ್ತ ಮೂವತ್ತು ಗುಡಿಸಲಿನ ಹಟ್ಟಿ. ಹಟ್ಟಿಯ ಹೆಸರೇ ಮೀಠಾಕುವಾ, ಸಿಹಿಬಾವಿ. ಜನ ಬಾವಿಯಿಂದ ಊರು ಗುರುತಿಸುತ್ತಿದ್ದರು. ‘ಬಾವಿಯಿಂದ ಎರಡು ಹೊಲ ಆಚೆ’, ‘ಬಾವಿಗೆ ಹೋಗುವ ದಾರಿ’. ಸಂಘದವರು ಬಂದ ಮೇಲೆ ಆ ದಾರಿ ನಾಲ್ಕನೇ ರಸ್ತೆಯಾಯಿತು. ಬಾವಿಯ ಜಾಗ ನಲವತ್ತೇಳನೇ ನಂಬರಿನ ಪ್ಲಾಟ್ ಆಯಿತು.

ಅಳತೆಗೆ ಹೋದಾಗ ಮೇ ತಿಂಗಳ ಬಿಸಿಲು. ಬಾವಿಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಜೀವಿಬಾ ಅಂತ ಎಲ್ಲರೂ ಕರೆಯುತ್ತಿದ್ದರು. ‘ಬಾ’ ಅಂದರೆ ಅಲ್ಲಿ ತಾಯಿ. ಗಂಡ ಇಲ್ಲ, ಒಬ್ಬಳೇ ಮಗಳು. ಬಂದವರಿಗೆಲ್ಲ ನೀರು ಸೇದಿ ಕೊಡುವುದು ಅವಳು ತಾನಾಗಿ ವಹಿಸಿಕೊಂಡ ಕೆಲಸ. ಹಯವದನನ ಮುಖ ನೋಡಿ, ಕೇಳುವ ಮೊದಲೇ ಒಂದು ಕೊಡ ಸೇದಿ ಬೊಗಸೆಗೆ ಸುರಿದಳು. ಮಡಿ ಮನೆಯಲ್ಲಿ ಬೆಳೆದವನು ಕಣ್ಣು ಮುಚ್ಚಿ ಕುಡಿದ. ಆಮೇಲೆ ಟೇಪಿಗೆ ಕಲ್ಲು ಕಟ್ಟಿ ಆಳ ಅಳೆದ. ಐವತ್ತೆರಡು ಅಡಿ. ಬಾಯಿಯ ಅಗಲ ಹತ್ತಡಿ. ಕಾಗದದ ಮೇಲೆ ಒಂದು ಸಣ್ಣ ದುಂಡು ಹಾಕಿದ.

‘ಇದೇನು?’ ಅಂದಳು ಜೀವಿಬಾ.

‘ನಿಮ್ಮ ಬಾವಿ.’

‘ಚೆನ್ನಾಗಿ ದಪ್ಪಗೆ ಬರಿ ಭಾಯ್. ಯಾರೂ ಕಾಣದೆ ಬೀಳಬಾರದು.’

ಎರಡು ವರ್ಷದಲ್ಲಿ ಹಟ್ಟಿ ಖಾಲಿಯಾಯಿತು. ಜನರನ್ನು ಖಾಡಿಯ ಆಚೆ ಕೂರಿಸಿದರು. ಸಂಘದ ಕಾರ್ಯದರ್ಶಿ ಠಾಕೋರ್‌ಭಾಯ್ ಅಂತ. ಬಿಳಿ ಟೋಪಿ, ಮೆಲ್ಲನೆ ಮಾತು. ಒಂದು ದಿನ ಹಯವದನನ ಮೇಜಿನ ಹತ್ತಿರ ಬಂದು, ‘ಈ ದುಂಡು ಯಾಕೆ ಇನ್ನೂ ಇದೆ? ಬಾವಿ ಮುಚ್ಚಿಸಿದ್ದೇನಲ್ಲ. ಬಾವಿ ತೋರಿಸಿದರೆ ಆ ಪ್ಲಾಟ್ ಯಾರು ಮುಟ್ಟುತ್ತಾರೆ?’ ಅಂದ. ಹಯವದನ ಬ್ಲೇಡು ತೆಗೆದುಕೊಂಡು ಶಾಯಿ ಕೆರೆದ. ನೀಟಾಗಿ ಕೆರೆದ. ಕೆಳಗೆ ಸಹಿ ಹಾಕಿದ. ಹೋಗಿ ನೋಡಲಿಲ್ಲ.

ಅಂಥ ಬಾವಿ ತುಂಬಬೇಕಾದರೆ ನೂರೈವತ್ತು ಇನ್ನೂರು ಗಾಡಿ ಮಣ್ಣು ಬೇಕು. ಆ ವಾರ ನಾಲ್ಕನೇ ರಸ್ತೆಯಲ್ಲಿ ಹತ್ತು ಗಾಡಿಯೂ ಹೋದದ್ದನ್ನು ಅವನು ಕಂಡಿರಲಿಲ್ಲ. ಲೆಕ್ಕ ಗೊತ್ತಿದ್ದವನು... ಆದರೂ ಕೇಳಲಿಲ್ಲ. ಅದರ ಮೇಲೆ ಶೆಡ್ಡು ಎದ್ದಿತು, ಹನ್ನೆರಡು ಮಗ್ಗ ಬಂದು ಕೂತವು.

ಈಗ ಆ ಶೆಡ್ಡಿನ ಕಡೆಯಿಂದ ರಾಟೆ ಕೇಳುತ್ತಿದೆ.

ಹಯವದನ ಓಡಲಿಲ್ಲ. ಓಡಿದರೆ ಹಿಂದೆ ಏನೋ ಇದೆ ಅಂತ ಒಪ್ಪಿಕೊಂಡ ಹಾಗೆ. ಬಿರುಸಾಗಿ ನಡೆದ. ರೈಲ್ವೆ ಗೇಟಿನ ದೀಪ ಕಾಣುವವರೆಗೂ ಹಿಂದಿರುಗಿ ನೋಡಲಿಲ್ಲ.

ಹೆಂಡತಿ ಗಿರಿಜಾ ಬಾಗಿಲಲ್ಲೇ ಇದ್ದಳು. ‘ಯಾಕ್ರಿ, ಹಿಂಗ್ಯಾಕ ಬೆವತೀರಿ? ಥಂಡಿ ದಿನದಾಗ?’

‘ಜೋರ್ ನಡದು ಬಂದೆ.’

‘ಯಾರರೆ ಬೆನ್ನ ಹತ್ತಿದ್ರೇನು?’

‘ಏನೂ ಇಲ್ಲ. ಊಟಕ್ಕ ಹಾಕು.’

ಅನ್ನ ಕಲಸಿದ. ಉಣ್ಣಲಾಗಲಿಲ್ಲ.

ಮರುದಿನ ಮಧ್ಯಾಹ್ನ ನಲವತ್ತೇಳನೇ ಶೆಡ್ಡಿಗೆ ಹೋದ. ಒಳಗೆ ಕಿವುಡಾಗುವಷ್ಟು ಸದ್ದು. ಅಲ್ಲಿ ಹದಿನಾಲ್ಕು ಜನ ಕೆಲಸಗಾರರು, ಎಲ್ಲರೂ ಮಹಾರಾಷ್ಟ್ರದ ಖಾನದೇಶದವರು. ಉಧ್ನಾದಲ್ಲಿ ಹಳಿ ಕವಲೊಡೆದು ಆ ಕಡೆಗೇ ಹೋಗುತ್ತದೆ, ಅದೇ ಗಾಡಿಯಲ್ಲಿ ಬಂದಿಳಿದವರು. ಹಗಲು ಮಗ್ಗ ನಡೆಸಿ ರಾತ್ರಿ ಮಗ್ಗಗಳ ನಡುವೆಯೇ ಮಲಗುತ್ತಿದ್ದರು. ಅವರ ಮುಖಂಡ ಸುಪಡೂ, ನಲವತ್ತರ ಗಟ್ಟಿ ಆಳು. ಹಯವದನನಿಗೆ ಮರಾಠಿ ಬರುತ್ತಿತ್ತು, ಹೀಗಾಗಿ ಮೊದಲಿನಿಂದ ಸಲಿಗೆ.

‘ನೆಲ ಹೇಗಿದೆ ಸುಪಡೂ?’

‘ನೆಲಕ್ಕೇನು ಸಾಹೇಬರೇ, ಸಿಮೆಂಟು. ಆ ನಾಲ್ಕನೇ ಮಗ್ಗ ಒಂದು ಮಾತ್ರ ಸೊಟ್ಟ ನಿಲ್ಲುತ್ತದೆ. ವಾರಕ್ಕೊಮ್ಮೆ ಅದರ ಕಾಲಿನ ಕೆಳಗೆ ಕಟ್ಟಿಗೆ ಚಕ್ಕೆ ಕೊಡುತ್ತೇವೆ. ಮತ್ತೆ ಇಳಿಯುತ್ತದೆ.’

‘ಎಷ್ಟು ದಿನದಿಂದ?’

‘ದಸರಾದಿಂದ.’

ಹಯವದನ ಬಗ್ಗಿ ಅಂಗೈ ಊರಿದ. ಬೇರೆ ಕಡೆ ನೆಲ ಬರೀ ನಡುಗುತ್ತಿತ್ತು. ನಾಲ್ಕನೇ ಮಗ್ಗದ ಹತ್ತಿರ ನಡುಕದ ಜೊತೆ ಒಂದು ಗುಂಯ್... ಗುಂಯ್... ಕೆಳಗೆ ಟೊಳ್ಳು ಡೊಳ್ಳು ಇಟ್ಟ ಹಾಗೆ.

ಅಲ್ಲಿಂದ ನೇರ ಠಾಕೋರ್‌ಭಾಯ್ ಹತ್ತಿರ ಹೋದ. ‘ಆ ಬಾವಿ ತುಂಬಿಸಿದಿರಲ್ಲ, ಎಷ್ಟು ಗಾಡಿ ಮಣ್ಣು ಹಾಕಿಸಿದಿರಿ?’

ಠಾಕೋರ್‌ಭಾಯ್ ಕನ್ನಡಕ ತೆಗೆದು ಒರೆಸಿದ. ‘ಯಾವ ಬಾವಿ?’

‘ನಲವತ್ತೇಳರದ್ದು.’

‘ನಕಾಶೆಯಲ್ಲಿ ಬಾವಿ ಇದೆಯೇ?’

‘ಇಲ್ಲ’ ಅಂದ ಹಯವದನ.

‘ಕೆಳಗೆ ಸಹಿ ಯಾರದು, ಹಯವದನಭಾಯ್?’

ಅಷ್ಟೇ. ಗದರಿಸಲಿಲ್ಲ, ಕೂಗಾಡಲಿಲ್ಲ. ಹಯವದನ ಮೇಜಿಗೆ ಬಂದು ಕೂತ. ಮನೆ, ಹೆಂಡತಿ, ಊರಲ್ಲಿ ತಾಯಿ, ಇನ್ನೊಂದು ನೌಕರಿ ಎಲ್ಲಿ... ಇದೇ ಯೋಚನೆ. ಮನುಷ್ಯ ಕೆಟ್ಟವನಲ್ಲ ನೋಡ್ರಿ. ಹೆದರಿದ್ದ.

ಆವತ್ತು ಬೇಕಂತಲೇ ಬೇಗ ಹೊರಟ. ಚಳಿಗಾಲದ ಕತ್ತಲೆ, ಏಳಕ್ಕೇ ಎಲ್ಲ ಕಪ್ಪು. ಮಗ್ಗಗಳು ಇನ್ನೂ ನಡೆಯುತ್ತಿದ್ದವು, ಅದೇ ಧೈರ್ಯ. ಆಲದ ಮರದ ಹತ್ತಿರ ಬಂದ. ಅಷ್ಟರಲ್ಲಿ ಕರೆಂಟು ಹೋಯಿತು. ಎಲ್ಲ ಶೆಡ್ಡಿನ ಮಗ್ಗಗಳೂ ಒಂದೇ ಸಲ ನಿಂತವು.

ಮರದ ಬುಡದಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಸೊಂಟದ ಮೇಲೆ ಕೊಡ. ಹೆಗಲಿಗೆ ಸುರುಳಿ ಸುತ್ತಿದ ಹಗ್ಗ.

‘ಕುವೋ ಕ್ಯಾಂ ಗಯೋ, ಭಾಯ್?’

ಬಾವಿ ಎಲ್ಲಿ ಹೋಯಿತಪ್ಪಾ... ಪಿಸುಮಾತು. ಆದರೆ ಕಿವಿಯ ಹತ್ತಿರವೇ ಅಂದ ಹಾಗೆ.

ದನಿ ಗುರುತು ಸಿಕ್ಕಿತು. ‘ಜೀವಿಬಾ? ಇಷ್ಟು ದೂರ, ಈ ಕತ್ತಲೆಯಲ್ಲಿ ಯಾಕೆ ಬಂದಿರಿ?’

‘ಬಾವಿ ಎಲ್ಲಿ?’

‘ನನಗೆ... ನನಗೆ ಗೊತ್ತಿಲ್ಲ ಬಾ.’

‘ಅಳೆದವನು ನೀನು.’

ಅಷ್ಟು ಹೇಳಿ ತಿರುಗಿ ನಡೆದಳು. ನೆಲದ ತುಂಬ ಒಣಗಿದ ಆಲದೆಲೆ. ಹಯವದನ ಒಂದು ಹೆಜ್ಜೆ ಸರಿದರೆ ಚರ್ರ್ ಅನ್ನುತ್ತಿತ್ತು. ಅವಳು ಅದರ ಮೇಲೆಯೇ ನಡೆದು ಹೋದಳು. ಒಂದು ಎಲೆಯೂ ಸದ್ದು ಮಾಡಲಿಲ್ಲ.

ಮರುದಿನ ಅವನು ಆಫೀಸಿಗೆ ಹೋಗಲಿಲ್ಲ. ಖಾಡಿ ದಾಟಿ ಹಟ್ಟಿಯವರು ಇರುವ ಜಾಗಕ್ಕೆ ಹೋದ. ಜೀವಿಬಾಳ ಮಗಳು ಲಖಮಿ ಉಪ್ಪು ನೀರಲ್ಲಿ ಬಟ್ಟೆ ಕುಕ್ಕುತ್ತಿದ್ದಳು.

‘ಜೀವಿಬಾ ಇದ್ದಾರಾ?’

ಲಖಮಿ ಕೈ ನಿಲ್ಲಿಸಿ ನೋಡಿದಳು. ‘ಬಾ ತೀರಿಕೊಂಡು ಬರುವ ಹೋಳಿ ಹುಣ್ಣಿಮೆಗೆ ವರ್ಷವಾಗುತ್ತದೆ, ಸಾಹೇಬ.’

ಹಯವದನ ಅಲ್ಲೇ ಒಂದು ಕಲ್ಲಿನ ಮೇಲೆ ಕೂತ. ‘ಬಾವಿಯ ವಿಷಯ ಏನಾದರೂ ಹೇಳಿದ್ದರಾ?’ ಅಂದ.

ಲಖಮಿ ಅವನನ್ನು ನೋಡುತ್ತ ನಿಧಾನ ಹೇಳಿದಳು. ‘ಇಲ್ಲಿಗೆ ಬಂದ ಮೇಲೆ ಅವಳಿಗೆ ಒಂದೇ ಹಠ. ಸಂಜೆಯಾದರೆ ಕೊಡ ತೊಗೊಂಡು ಬಾವಿಯ ಕಡೆ ನಡೆಯೋದು. ನಾವು ಹಿಡಿದು ತರೋದು. ಬಾವಿಯ ಬಾಯಿ ತೆರೆದೇ ಬಿಟ್ಟಿದ್ದಾರೆ, ಯಾರಾದರೂ ಬೀಳುತ್ತಾರೆ ಅಂತ ಕನವರಿಸೋಳು. ತಲೆ ಕೆಟ್ಟಿದೆ ಅಂದೆವು ನಾವು.’

‘ತೆರೆದೇ ಬಿಟ್ಟರಾ? ಮಣ್ಣು ತುಂಬಲಿಲ್ಲವಾ?’

‘ಎಲ್ಲಿಯ ಮಣ್ಣು? ನಾನೂ ಆ ದಿನ ಅಲ್ಲಿ ಕೂಲಿಗೆ ಇದ್ದೆನಲ್ಲ. ನಾಲ್ಕು ಕಲ್ಲು ಚಪ್ಪಡಿ ಅಡ್ಡ ಹಾಕಿದರು. ಮೇಲೆ ಒಂದು ಮೊಳ ಮಣ್ಣು ಎಳೆದರು. ಒಂದು ಚಪ್ಪಡಿ ಹಾಕುವಾಗಲೇ ಬಿರಿದಿತ್ತು.’

ಮನೆಗೆ ಬಂದವನು ಮುಸುಕು ಹಾಕಿ ಮಲಗಿದ. ನಾಳೆ ಹೇಳುತ್ತೇನೆ, ನಾಳೆ ಖಂಡಿತ, ಶೆಡ್ಡಿನ ಮಾಲೀಕರಿಗೇ ಹೋಗಿ ಹೇಳುತ್ತೇನೆ ಅಂತ ಮನಸ್ಸಿನಲ್ಲೇ ಹತ್ತು ಸಲ ಅಂದುಕೊಂಡ.

ರಾತ್ರಿ ಒಂದು ಗಂಟೆ ಇರಬೇಕು. ಗಿರಿಜಾ ಅವನ ತೋಳು ಅಲುಗಿಸಿದಳು.

‘ರೀ... ಎಚ್ಚರ ಅದೀರೇನು?’

‘ಹೂಂ.’

‘ಈ ಹೊತ್ತಿನ್ಯಾಗ ಯಾರ್ರಿ ನೀರು ಸೇದ್ಲಿಕ್ಕತ್ತಾರ?’

ಹಯವದನ ಉಸಿರು ಹಿಡಿದ.

ಕಿರ್ರ್... ಕಿರ್ರ್...

ಆ ಓಣಿಯಲ್ಲಿ ಬಾವಿಯೇ ಇರಲಿಲ್ಲ. ಇದ್ದದ್ದು ಒಂದು ನಲ್ಲಿ. ಇಷ್ಟು ಹೊತ್ತು ತನಗೊಬ್ಬನಿಗೇ ಅಂದುಕೊಂಡಿದ್ದ... ಈಗ ಹೆಂಡತಿಗೂ ಕೇಳಿಸಿತ್ತು.

ಎದ್ದು ಅಂಗಿ ತೊಟ್ಟ. ಬ್ಯಾಟರಿ ತೆಗೆದುಕೊಂಡ.

‘ಎಲ್ಲಿಗ್ರಿ? ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಬ್ಯಾಡ್ರಿ.’

‘ಗಿರಿಜಾ, ಹದಿನಾಲ್ಕು ಮಂದಿ ಮಲಗ್ಯಾರ ಅಲ್ಲಿ.’

ಅವಳಿಗೆ ಏನೂ ಅರ್ಥವಾಗಲಿಲ್ಲ. ಅವನ ಮುಖ ನೋಡಿ ಕೈ ಬಿಟ್ಟಳು. ‘ಚಿಲಕಾ ಹಾಕ್ಕೊ’ ಅಂದು ಹೊರಬಿದ್ದ.

ಈ ಸಲ ಓಡಿದ. ರೈಲ್ವೆ ಗೇಟು, ಹೊಲದ ಬದು, ಆಲದ ಮರ. ಮಂಜು ಕವಿದಿತ್ತು. ಆ ಮಂಜಿನೊಳಗೆ ಇಪ್ಪತ್ತು ಮಾರು ಮುಂದೆ ಅವಳು. ಸೊಂಟದ ಮೇಲೆ ಕೊಡ, ಹೆಗಲಿಗೆ ಹಗ್ಗ. ಅವನು ಓಡಿದರೂ ಇಪ್ಪತ್ತೇ ಮಾರು, ನಿಂತರೂ ಇಪ್ಪತ್ತೇ ಮಾರು. ನಲವತ್ತೇಳನೇ ಶೆಡ್ಡಿನ ಬಾಗಿಲು ಒಂದಾಳು ಹೋಗುವಷ್ಟು ತೆರೆದಿತ್ತು. ಅವಳು ಒಳಗೆ ಹೋದಳು. ಹಯವದನನೂ ಹೋದ.

ಒಳಗೆ ಎಣ್ಣೆಯ ವಾಸನೆ, ನೂಲಿನ ವಾಸನೆ. ಮಗ್ಗಗಳ ನಡುವೆ ಸಾಲಾಗಿ ಕಂಬಳಿ ಹೊದ್ದ ದೇಹಗಳು. ಗೊರಕೆ. ನಾಲ್ಕನೇ ಮಗ್ಗದ ಪಕ್ಕ, ಇಬ್ಬರು ಮಲಗಿದವರ ನಡುವೆ, ಜೀವಿಬಾ ಕುಕ್ಕರಗಾಲಲ್ಲಿ ಕೂತಳು. ಹಗ್ಗ ಬಿಟ್ಟಳು.

ಹಗ್ಗ ಸಿಮೆಂಟಿನ ಒಳಗೆ ಇಳಿಯಿತು. ನೀರಿನೊಳಗೆ ಇಳಿದ ಹಾಗೆ.

ಕಿರ್ರ್... ಕಿರ್ರ್... ರಾಟೆ ಎಲ್ಲೂ ಇಲ್ಲ, ಸಪ್ಪಳ ಮಾತ್ರ.

ಠಣ್.

ಇನ್ನು ‘ಬುಳಕ್’ ಬರಬೇಕು. ಹಯವದನ ಕಾದ. ಬರಲಿಲ್ಲ. ಅದರ ಬದಲು ನೆಲದ ಕೆಳಗಿನಿಂದ ಬೇರೆ ಒಂದು ಸದ್ದು. ಬಹಳ ಸಣ್ಣದು.

ಟಿಕ್.

ಆಮೇಲೆ... ಟಿಕ್. ಟಿಕ್.

ಕಲ್ಲು ಬಿರಿಯುವ ಸದ್ದು. ಅದರ ಹಿಂದೆಯೇ ಮಣ್ಣು ಜಾರಿದ್ದು, ಸರ್ರ್... ಬಹಳ ಹೊತ್ತಿನ ಮೇಲೆ, ಬಹಳ ಕೆಳಗೆ, ಕಾಳು ಚೆಲ್ಲಿದ ಹಾಗೆ ನೀರಿನಲ್ಲಿ ತಟಪಟ.

ಮುದುಕಿ ತಲೆ ಎತ್ತಿ ಅವನ ಕಡೆ ನೋಡಿದಳು. ಅವನು ಬ್ಯಾಟರಿ ಹಾಕಿದ. ಬೆಳಕಿನಲ್ಲಿ ಯಾರೂ ಇಲ್ಲ. ನೆಲದ ಮೇಲೆ ಕೂದಲೆಳೆಯಂಥ ಒಂದು ಬಿರುಕು, ನಾಲ್ಕನೇ ಮಗ್ಗದ ಕಾಲಿನಿಂದ ಹೊರಟು ಮಲಗಿದವನ ತಲೆಗೂದಲವರೆಗೆ.

ಕೂಗಲು ಬಾಯಿ ತೆರೆದವನು ಮುಚ್ಚಿದ. ಕೂಗಿದರೆ ಹದಿನಾಲ್ಕು ಜನ ಒಮ್ಮೆಲೇ ಏಳುತ್ತಾರೆ, ಎದ್ದು ಓಡುತ್ತಾರೆ. ಆ ತುಳಿತಕ್ಕೆ ನೆಲ ನಿಲ್ಲುವುದಿಲ್ಲ. ಜೀವನದಲ್ಲಿ ಮೊದಲ ಸಲ ಅವನು ನೆಲದ ಭಾರ ಲೆಕ್ಕ ಹಾಕುತ್ತಿದ್ದ, ಮನುಷ್ಯರ ಸಮೇತ.

ಬಾಗಿಲ ಹತ್ತಿರ ಮಲಗಿದ್ದ ಸುಪಡೂನ ಬಾಯಿ ಮೇಲೆ ಕೈ ಇಟ್ಟ. ಅವನ ಕಣ್ಣು ತೆರೆಯಿತು.

‘ಮಾತಾಡಬೇಡ. ಮೆಲ್ಲಗೆ ಏಳು. ಕೆಳಗೆ ಬಾವಿ ಇದೆ.’

‘ಏನು?’

‘ಬಾವಿ. ಐವತ್ತೆರಡು ಅಡಿ. ನಾನೇ ಅಳೆದದ್ದು. ಚಪ್ಪಡಿ ಬಿರಿಯುತ್ತಿದೆ.’

ಸುಪಡೂ ಕಿವಿ ಕೊಟ್ಟ. ಟಿಕ್. ಪಕ್ಕದವನ ಬಾಯಿ ಮೇಲೆ ತಾನೇ ಕೈ ಇಟ್ಟ.

ಒಬ್ಬೊಬ್ಬರನ್ನೇ ಎಬ್ಬಿಸಿದರು. ಬಾಯಿ ಮೇಲೆ ಕೈ, ಕಿವಿಯಲ್ಲಿ ಎರಡು ಮಾತು. ‘ಗೋಡೆ ಹಿಡಿದು ಹೋಗು. ಬರಿಗಾಲು. ಏನೂ ತೊಗೋಬೇಡ.’ ಒಬ್ಬ ಟ್ರಂಕಿಗೆ ಕೈ ಹಾಕಿದ, ಸುಪಡೂ ಮಣಿಕಟ್ಟು ಹಿಡಿದು ತಿರುಚಿದ. ಒಬ್ಬ ಹೋದ. ಇಬ್ಬರು... ಐದು... ಹನ್ನೊಂದು. ಹನ್ನೆರಡನೆಯವನು ಮಗ್ಗದ ಆಚೆ ಬದಿಯಿಂದ ತೆವಳಿಕೊಂಡು ಬಂದ.

ಸುಪಡೂನನ್ನು ಬಿಟ್ಟರೆ ಉಳಿದವನು ಅವನ ತಮ್ಮ ಧೋಂಡೂ. ಸರಿಯಾಗಿ ಬಿರುಕಿನ ಮೇಲೆ ತಲೆ ಇಟ್ಟು ಮಲಗಿದ್ದ. ಎರಡು ದಿನದಿಂದ ಜ್ವರ. ಸುಪಡೂ ದೂರದಿಂದಲೇ ಪಿಸುಗುಟ್ಟಿದ, ‘ಧೋಂಡೂ... ಏ ಧೋಂಡೂ...’

ಅವನು ನರಳಿದ. ಏಳಲಿಲ್ಲ.

ಸುಪಡೂ ಮುಂದೆ ಹೆಜ್ಜೆ ಇಟ್ಟ. ಟಿಕ್, ಟಿಕ್, ಟಿಕ್. ಹಯವದನ ಅವನ ಎದೆಗೆ ಕೈ ಕೊಟ್ಟು ತಡೆದ. ‘ನೀನು ಭಾರ. ನಾನು ಹೋಗುತ್ತೇನೆ.’

ಹೊಟ್ಟೆಯ ಮೇಲೆ ಮಲಗಿದ. ಕೈಕಾಲು ಅಗಲಿಸಿ, ಹಲ್ಲಿಯ ಹಾಗೆ, ಒಂದೊಂದು ಗೇಣು ಸರಿದ. ಕಿವಿ ನೆಲಕ್ಕೆ ಹತ್ತಿತ್ತು. ಕೆಳಗಿನ ತಂಪು ಸಿಮೆಂಟಿನಿಂದ ಕೆನ್ನೆಗೆ ಏರುತ್ತಿತ್ತು. ಮಣ್ಣು ಜಾರುವುದು ನಿಂತೇ ಇರಲಿಲ್ಲ, ಸರ್ರ್... ಸರ್ರ್... ಮಗ್ಗ ತಲೆಯ ಮೇಲೆ ವಾಲಿತ್ತು. ಅದಕ್ಕೆ ಹಾಸಿದ್ದ ನೂಲಿನ ಒಂದು ಎಳೆ ಬಿಗಿದು ಟಪ್ ಅಂತ ಹರಿಯಿತು. ಇನ್ನೊಂದು. ಟಪ್. ಟಪ್.

ಧೋಂಡೂ ಮಲಗಿದ್ದ ಕಂಬಳಿಯ ಅಂಚು ಬೆರಳಿಗೆ ಸಿಕ್ಕಿತು. ಅದನ್ನು ಹಿಡಿದು ಹಿಂದಕ್ಕೆ ತೆವಳಿದ. ಎಳೆದ. ಬರಲಿಲ್ಲ. ಮತ್ತೆ ಎಳೆದ. ಸ್ವಲ್ಪ ಜಾರಿತು. ಅಷ್ಟರಲ್ಲಿ ಸುಪಡೂ ಬಗ್ಗಿ ಹಯವದನನ ಕಾಲು ಹಿಡಿದ, ಅವನು ಇವನನ್ನು ಎಳೆಯುವುದು, ಇವನು ಕಂಬಳಿ ಎಳೆಯುವುದು. ಹಾಗೇ ಬಾಗಿಲವರೆಗೆ ಬಂದರು. ಅಲ್ಲಿಂದ ಇಬ್ಬರೂ ಸೇರಿ ಧೋಂಡೂನನ್ನು ಹೊತ್ತು ರಸ್ತೆಯ ಆಚೆ ಹಾಕಿದರು.

ಎಲ್ಲರೂ ಅಲ್ಲೇ ಕುಕ್ಕರಿಸಿದರು. ಚಳಿಗೆ ಹಲ್ಲು ಕಟಕಟ. ಶೆಡ್ಡು ಹಾಗೇ ನಿಂತಿತ್ತು. ಐದು ನಿಮಿಷ, ಹತ್ತು ನಿಮಿಷ. ಏನೂ ಆಗಲಿಲ್ಲ.

ಒಬ್ಬ ಗೊಣಗಿದ, ‘ಸಾಹೇಬರು ಕನಸು ಕಂಡಿದ್ದಾರೆ. ನಾನು ಹೋಗಿ ಮಲಗುತ್ತೇನೆ.’ ಎದ್ದೂ ಎದ್ದ. ಹಯವದನ ಅವನ ಕಾಲು ಗಟ್ಟಿಯಾಗಿ ತಬ್ಬಿಕೊಂಡ. ‘ಬಿಡಿ ಸಾಹೇಬರೇ!’ ‘ಬಿಡುವುದಿಲ್ಲ.’ ‘ಬಿಡಿ ಅಂದರೆ...’

ಧಡಲ್!

ನೆಲ ಅವರ ಕೆಳಗೂ ನೆಗೆಯಿತು. ತಗಡು ಗಡಗಡ ನಡುಗಿತು. ಕಬ್ಬಿಣ ಕಲ್ಲಿಗೆ ಬಡಿಯುತ್ತ ಬಡಿಯುತ್ತ ಕೆಳಗೆ ಹೋಗುವ ಸದ್ದು, ಎಷ್ಟು ಹೊತ್ತು ಅಂತೀರಿ... ಕಡೆಗೆ ಒಂದು ದೊಡ್ಡ ನೀರಿನ ಸದ್ದು. ಕಿಟಕಿಯ ಸರಳಿನ ಸಂದಿಯಿಂದ ತಣ್ಣಗೆ ಒಂದು ಗಾಳಿ ಬಂತು. ಪಾಚಿಯ ವಾಸನೆ.

ಹೋಗಿ ಮಲಗುತ್ತೇನೆ ಅಂದವನು ಅಲ್ಲೇ ಕೂತು ಮಗುವಿನ ಹಾಗೆ ಅತ್ತ.

ಬೆಳಿಗ್ಗೆ ಇಡೀ ವಸಾಹತು ಅಲ್ಲಿತ್ತು. ಮೂರು ಮಗ್ಗ ಒಳಗೆ ಹೋಗಿದ್ದವು. ಠಾಕೋರ್‌ಭಾಯ್ ಬಂದು, ‘ಇಲ್ಲಿ ಬಾವಿ ಇದ್ದದ್ದು ಯಾರಿಗೆ ಗೊತ್ತಿತ್ತು?’ ಅಂದ. ಹಯವದನ ಎಲ್ಲರ ಮುಂದೆ ಹೇಳಿದ, ‘ನನಗೆ ಗೊತ್ತಿತ್ತು. ಇವರು ಅಳಿಸು ಅಂದರು, ನಾನು ಬ್ಲೇಡಿನಿಂದ ಕೆರೆದೆ. ಸಹಿ ನನ್ನದೇ.’ ಅದೇ ವಾರ ಅವನ ನೌಕರಿ ಹೋಯಿತು. ಠಾಕೋರ್‌ಭಾಯ್‌ನದೂ ಉಳಿಯಲಿಲ್ಲ. ಗಿರಿಜಾ ಬೈಯಲಿಲ್ಲ. ‘ಹದಿನಾಲ್ಕು ಮನಿ ದೀಪ ಉಳೀತಲ್ರಿ’ ಅಂದಳಂತೆ. ಆರು ತಿಂಗಳ ಮೇಲೆ ವಡೋದರಾದಲ್ಲಿ ನಕಾಶೆ ಬರೆಯುವ ಕೆಲಸ ಸಿಕ್ಕಿತು, ಅಲ್ಲಿಗೆ ಹೋದರು. ಬಾವಿಗೆ ಮಾಲೀಕರೇ ಸುತ್ತ ಕಟ್ಟೆ ಕಟ್ಟಿಸಿದರು. ಮಗ್ಗದವರು ಬಹಳ ವರ್ಷ ಅದರ ನೀರು ಕುಡಿದರು. ರಾತ್ರಿ ಸಪ್ಪಳ ಮತ್ತೆ ಯಾರಿಗೂ ಕೇಳಲಿಲ್ಲ.

ಇಷ್ಟಾದರೆ ನಾನು ನಿಮಗೆ ಹೇಳುತ್ತಿರಲಿಲ್ಲ. ಹಯವದನನಿಗೆ ಏನೋ ಭ್ರಮೆ, ಮನಸ್ಸಿನ ಕಳವಳ ಅಂತ ನಾನೂ ಅಂದುಬಿಡುತ್ತಿದ್ದೆ. ಆದರೆ ಆ ರಾತ್ರಿ ನೆಲ ಕುಸಿದ ಮೇಲೆ ಇನ್ನೊಂದು ನಡೆಯಿತು. ಅದಕ್ಕೆ ಹದಿನೈದು ಜನ ಸಾಕ್ಷಿ.

ಸದ್ದು ಕೇಳಿ ದೊಡ್ಡ ಗೇಟಿನ ಪಹರೆಯವನು, ರಣಛೋಡ್ ಅಂತ, ಕಂದೀಲು ಹಿಡಿದು ಓಡಿ ಬಂದ. ರಸ್ತೆಯ ಆಚೆ ಕತ್ತಲಲ್ಲಿ ಕೂತವರು ಅವನಿಗೆ ಕಾಣಲಿಲ್ಲ. ನೇರ ಶೆಡ್ಡಿನ ಬಾಗಿಲಿಗೆ ಹೋಗಿ, ‘ಸತ್ತರು, ಎಲ್ಲರೂ ಸತ್ತರು’ ಅಂತ ಅಳುತ್ತ ಸೊಂಟದಿಂದ ಬೀಗದ ಕೈ ತೆಗೆದ.

ಸುಪಡೂ ಕೂಗಿದ, ‘ರಣಛೋಡ್‌ಭಾಯ್, ನಾವು ಇಲ್ಲಿದ್ದೇವೆ. ಎಲ್ಲರೂ ಇದ್ದೇವೆ.’

ರಣಛೋಡ್ ತಿರುಗಿ ನೋಡಿದ. ‘ಹೇಗೆ ಬಂದಿರಿ ಹೊರಗೆ?’

‘ಹೇಗೆಂದರೆ? ಬಾಗಿಲಿನಿಂದ.’

‘ಯಾವ ಬಾಗಿಲಿನಿಂದ? ಬಟ್ಟೆ ಕಳವಾಗಬಾರದು ಅಂತ ದಿನಾ ಹತ್ತಕ್ಕೆ ಹೊರಗಿನಿಂದ ಬೀಗ ಹಾಕುತ್ತೇನೆ ನಾನು. ನಿಮಗೆ ಗೊತ್ತಿಲ್ಲವಾ?’

ಕಂದೀಲು ಎತ್ತಿ ತೋರಿಸಿದ. ಬಾಗಿಲಿನ ಎರಡೂ ಕದ ಮುಚ್ಚಿ ಚಿಲಕ ಬಿದ್ದಿತ್ತು. ಚಿಲಕಕ್ಕೆ ಬೀಗ. ಸುಪಡೂ ಹತ್ತಿರ ಹೋಗಿ ಬೆರಳ ತುದಿಯಿಂದ ಒಮ್ಮೆ ಎಳೆದು ನೋಡಿದ. ಬಿಗಿಯಾಗಿ ಕೂತಿತ್ತು. ಆ ಶೆಡ್ಡಿನ ನಕಾಶೆ ಬರೆದವನೂ ಹಯವದನನೇ ನೋಡ್ರಿ. ಬಾಗಿಲು ಅದೊಂದೇ.

ಬೀಗದ ಮೇಲೆ ಹತ್ತು ಗಂಟೆಯಿಂದ ಕೂತ ಇಬ್ಬನಿ ಹಾಗೇ ಇತ್ತಂತೆ, ಸುಪಡೂನ ಬೆರಳು ತಗುಲಿದ ಒಂದು ಗೆರೆ ಬಿಟ್ಟು. ಇದು ನಡೆದದ್ದು. ಹಯವದನ ನನ್ನ ಕೈ ಹಿಡಿದು ಹೇಳಿದ್ದು.